ರೂಢಿ ಆಗೇತ್ರಿ

ಮನುಷ್ಯರ ಮಾತನ್ನು ಯಂತ್ರವೇ ಬಿಡಿಸಿ, ಇದು ಸಿಟ್ಟು, ಇದು ಅಂಜಿಕೆ, ಇದು ಸಮಾಧಾನ ಎಂದು ವಿಂಗಡಿಸಿ ಕೊಡುವಂತಾದರೆ ಸಂಶೋಧಕರ ಅರ್ಧ ಆಯುಷ್ಯ ಉಳಿದೀತು ಎಂದು ಜನ ಒಂದು ಕಾಲಕ್ಕೆ ಕನಸು ಕಾಣುತ್ತಿದ್ದರು. ತೇಜಸ್ವಿನಿ ಬೆಟಗೇರಿ ಕೆಲಸಕ್ಕೆ ಸೇರುವ ಹೊತ್ತಿಗೆ ಆ ಕನಸು ನನಸಾಗಿ, ಹಳೆಯದೂ ಆಗಿತ್ತು. ಆ ಸಾಫ್ಟ್‌ವೇರಿನ ಹೆಸರು 'ಎಳೆ'. ಸಂದರ್ಶನಗಳನ್ನು ಆಧರಿಸಿ ಪಿಎಚ್.ಡಿ. ಮಾಡುವವರೆಲ್ಲ ಅದನ್ನು ಕಲಿತೇ ಮುಂದೆ ಹೋಗಬೇಕೆಂಬ ನಿಯಮವಿತ್ತು. ಧಾರವಾಡದ ಹೊರವಲಯದ ತರಬೇತಿ ಕೇಂದ್ರದಲ್ಲಿ ಅದನ್ನು ಕಲಿಸುವವಳು ತೇಜಸ್ವಿನಿ.

ಎಳೆ ಕೆಲಸ ಮಾಡುವ ರೀತಿ ಸರಳವಾಗಿತ್ತು. ಸಂದರ್ಶನದ ಧ್ವನಿಯನ್ನು ಒಪ್ಪಿಸಿದರೆ, ಮಾತು ಹಾವೇರಿ ಕಡೆಯದಿರಲಿ ಕೋಲಾರದ್ದಿರಲಿ, ಅದು ಅಕ್ಷರಕ್ಕಿಳಿಸುತ್ತಿತ್ತು. ಆಮೇಲೆ ಒಂದೊಂದು ಮಾತಿನ ಪಕ್ಕಕ್ಕೂ ಬಣ್ಣದ ಗುರುತು ಹಚ್ಚುತ್ತಿತ್ತು: ಭಯ, ಅಭಿಮಾನ, ಒಪ್ಪಿಗೆ, ಹೊಂದಾಣಿಕೆ ಹೀಗೆ. ಈ ಗುರುತುಗಳು ಯಂತ್ರದ ತಲೆಯಲ್ಲಿ ಹುಟ್ಟಿದವಲ್ಲ. ಹಿಂದಿನ ಸಂಶೋಧಕರು ಎಂಥ ಮಾತಿಗೆ ಎಂಥ ಗುರುತು ಹಚ್ಚಿದ್ದರೆಂಬುದೆಲ್ಲ ಒಂದು ಸಾಮಾನ್ಯ ಕೋಶದಲ್ಲಿ ಸೇರಿಕೊಂಡಿತ್ತು. ಎಳೆ ಅಲ್ಲಿಂದ ತೆಗೆದು ತೋರಿಸುತ್ತಿತ್ತು, ಅಷ್ಟೆ. ವಿದ್ಯಾರ್ಥಿ ಒಪ್ಪಿದರೆ ಬೆರಳು ಮುಟ್ಟಿಸಿದರಾಯಿತು. ಒಪ್ಪದಿದ್ದರೆ ಕಾರಣ ಬರೆಯಬೇಕು. ಹಾಗೆ ಒಪ್ಪದ್ದು ಹೆಚ್ಚಾದಂತೆ ಅವನ 'ಸಹಮತ ಅಂಕ' ಇಳಿಯುತ್ತಿತ್ತು. ಅಂಕ ತೀರ ಇಳಿದ ಪ್ರಬಂಧ ಪರೀಕ್ಷಕರ ಕೈಗೆ ಹೋಗದೆ ಮರುಪರಿಶೀಲನೆಯ ಸಾಲಿನಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತಿತ್ತು.

ಕೋಶ ವಿದ್ಯಾರ್ಥಿಗಳಿಗಷ್ಟೇ ಮೀಸಲಾಗಿರಲಿಲ್ಲ. ಜನರ ಮಾತು ಕೇಳಿಸಿಕೊಳ್ಳಬೇಕಾದ ಆಸ್ಪತ್ರೆ, ಕಾರ್ಮಿಕ ಕಚೇರಿ, ಸಾರಿಗೆ ಸಂಸ್ಥೆ ಎಲ್ಲರೂ ಅದನ್ನೇ ತಂದು ತಮ್ಮ ತಮ್ಮ ಯಂತ್ರಗಳಿಗೆ ತುಂಬಿಕೊಂಡಿದ್ದರು. ಇದು ತೇಜಸ್ವಿನಿಗೆ ಗೊತ್ತಿರಲಿಲ್ಲವೆಂದಲ್ಲ. ದೂರದ ಸಂಗತಿಯಂತೆ ಗೊತ್ತಿತ್ತು.

ಆ ಸಲದ ತರಬೇತಿಯಲ್ಲಿ ಶಬೀನಾ ನದಾಫ್ ಎಂಬ ವಿದ್ಯಾರ್ಥಿನಿಯಿದ್ದಳು. ಬ್ಯಾಡಗಿ ಕಡೆಯ ಗೋದಾಮುಗಳಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಮೇಲೆ ಅವಳ ಸಂಶೋಧನೆ. ಇಡೀ ದಿನ ಮೆಣಸಿನಕಾಯಿಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಮಾಡುವ ಕೆಲಸ ಅದು. ಕೈ ಉರಿಯುವುದಿಲ್ಲವೇ ಎಂದು ಶಬೀನಾ ಕೇಳಿದ್ದಕ್ಕೆ ಬಹುತೇಕ ಎಲ್ಲರೂ ಒಂದೇ ಮಾತು ಹೇಳಿದ್ದರು: ರೂಢಿ ಆಗೇತ್ರಿ. ಎಳೆ ಆ ಮಾತಿನ ಪಕ್ಕದಲ್ಲೆಲ್ಲ 'ಹೊಂದಾಣಿಕೆ' ಎಂಬ ಹಸಿರು ಗುರುತು ತೋರಿಸುತ್ತಿತ್ತು.

ಶಬೀನಾ ಕೈಯೆತ್ತಿ, ಈ ಗುರುತು ಯಾಕೋ ಸರಿಯೆನಿಸುತ್ತಿಲ್ಲ, ಸದ್ಯಕ್ಕೆ ಖಾಲಿ ಬಿಡಬಹುದೇ ಎಂದು ಕೇಳಿದಳು. ಖಾಲಿ ಬಿಟ್ಟರೂ ಒಪ್ಪದ ಲೆಕ್ಕಕ್ಕೇ ಸೇರುತ್ತದೆ, ಗಟ್ಟಿ ಕಾರಣವಿಲ್ಲದಿದ್ದರೆ ಒಪ್ಪಿ ಮುಂದೆ ಹೋಗುವುದು ಲೇಸು ಎಂದು ತೇಜಸ್ವಿನಿ ಎಲ್ಲರಿಗೂ ಹೇಳುವಂತೆ ಹೇಳಿದಳು. ತರಬೇತಿಯ ಅವಧಿ ಚಿಕ್ಕದು, ಕಲಿಸಬೇಕಾದ್ದು ಬೆಟ್ಟದಷ್ಟು. ಶಬೀನಾ ಒಂದು ಕ್ಷಣ ಪರದೆಯನ್ನು ನೋಡಿ, ಬೆರಳು ಮುಟ್ಟಿಸಿದಳು. ಹಸಿರು ಗುರುತುಗಳು ಒಮ್ಮೆಗೇ ಗಟ್ಟಿಯಾದವು.

ತೇಜಸ್ವಿನಿಯ ಮನೆ ಸಪ್ತಾಪುರದಲ್ಲಿತ್ತು. ಗಂಡ ಸಂಗಮೇಶ ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಎಂಜಿನಿಯರು. ಮನೆಯಲ್ಲಿ ಅವರಿಬ್ಬರೊಂದಿಗೆ ಮಾವ ಗುರುಪಾದಪ್ಪ. ಅವರು ಬೆಳಗಾವಿ ಮಾರ್ಗದಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ಮೂತ್ರಪಿಂಡ ಎರಡೂ ಸೋತ ಮೇಲೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿತ್ತು. ಆಸ್ಪತ್ರೆಯಿಂದ ಪ್ರತಿದಿನ ಬೆಳಿಗ್ಗೆ ಒಂದು ಯಂತ್ರದ ದನಿ ಫೋನು ಮಾಡಿ ಹೇಗಿದ್ದೀರಿ, ನಿದ್ದೆ ಬಂತೇ, ಉಸಿರಾಟ ಹೇಗಿದೆ ಎಂದು ಕೇಳುತ್ತಿತ್ತು. ಆ ದನಿ ಹೆಣ್ಣಿನದಾದ್ದರಿಂದ ಗುರುಪಾದಪ್ಪ ಅದನ್ನು "ಯವ್ವಾ" ಎಂದೇ ಮಾತಾಡಿಸುತ್ತಿದ್ದರು. ಚಹಾ ಸೋಸುತ್ತಿದ್ದ ತೇಜಸ್ವಿನಿಗೆ ಅವರ ಉತ್ತರಗಳು ಅರ್ಧಂಬರ್ಧ ಕೇಳಿಸುತ್ತಿದ್ದವು. ಯಾವುದೂ ಹೊಸದಾಗಿರುತ್ತಿರಲಿಲ್ಲ.

ಒಂದು ದಿನ ಆಸ್ಪತ್ರೆಯಿಂದ ಸಂದೇಶ ಬಂತು. ಇನ್ನು ಮುಂದೆ ವಾರಕ್ಕೆ ಎರಡೇ ಸಲ ಬಂದರೆ ಸಾಕು. ಮನೆಯವರೆಲ್ಲ ಹಿಗ್ಗಿದರು. ಅಪ್ಪನಿಗೆ ಗುಣವಾಗುತ್ತಿದೆ ಎಂದೇ ಸಂಗಮೇಶ ತಿಳಿದ. ವಾರಗಳು ಕಳೆದಂತೆ ಗುರುಪಾದಪ್ಪನವರ ಕಾಲು ಬಾತುಕೊಂಡಿತು, ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬು ಒರಗಿಸಿ ಕೂತೇ ಇರತೊಡಗಿದರು. ಸೆಖೆ ಎಂದು ಕಾರಣ ಹೇಳಿದರು. ಕೊನೆಗೊಂದು ಮಧ್ಯಾಹ್ನ ಊಟಕ್ಕೆ ಕೂತವರು ತುತ್ತು ಬಾಯಿಗಿಡಲಾರದೆ ಏದುಸಿರು ಬಿಡತೊಡಗಿದಾಗ ಪಕ್ಕದ ಮನೆಯವರು ತೇಜಸ್ವಿನಿಗೆ ಫೋನು ಮಾಡಿದರು.

ಆಸ್ಪತ್ರೆಯಲ್ಲಿ ಶ್ವಾಸಕೋಶಕ್ಕೆ ನೀರು ಸೇರಿದೆಯೆಂದು ತಕ್ಷಣ ಡಯಾಲಿಸಿಸ್ ಯಂತ್ರಕ್ಕೆ ಹಚ್ಚಿದರು. ಜೀವ ಉಳಿಯಿತು. ಡಾಕ್ಟರು ಒಳ್ಳೆಯ ಮನುಷ್ಯ; ತಾವಾಗಿ ಅವಳನ್ನು ಕರೆದು ದಾಖಲೆ ತೋರಿಸಿದರು. ರಕ್ತದ ವರದಿ ಆ ಕಡೆಗೂ ಇಲ್ಲ ಈ ಕಡೆಗೂ ಇಲ್ಲ ಎಂಬಂತಿದ್ದಾಗ ರೋಗಿಯ ಮಾತಿನ ವರದಿಯನ್ನು ನೋಡಿ ತೀರ್ಮಾನಿಸುವ ಪದ್ಧತಿ. ಗುರುಪಾದಪ್ಪನವರ ಮಾತಿನ ವರದಿ ಉದ್ದಕ್ಕೂ ಹಸಿರಾಗಿತ್ತು. ಉಸಿರಾಟ ಹೇಗಿದೆ ಎಂದು ಕೇಳಿದಾಗಲೆಲ್ಲ ಅವರು ಹೇಳಿದ್ದು ಒಂದೇ ಮಾತು. ಅದರ ಪಕ್ಕದಲ್ಲಿ ತೇಜಸ್ವಿನಿ ದಿನಾ ನೋಡುವ ಅದೇ ಬಣ್ಣ, ಅದೇ ಅಕ್ಷರ: ಹೊಂದಾಣಿಕೆ.

ಡಾಕ್ಟರು ಮತ್ತೆ ಮೂರು ಸಲ ಎಂದು ಬರೆದುಕೊಟ್ಟರು. ತೇಜಸ್ವಿನಿ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯಲಿಲ್ಲ.

ಮನೆಗೆ ಬಂದ ಮೇಲೆ ಅವಳು ಮಾವನ ಹತ್ತಿರ ಕೂತು ಕೇಳಿದಳು. "ಮಾವಾರ, ಉಸರಾ ಸಾಲವಲ್ದು ಅಂತ ಯಾಕ ಹೇಳಲಿಲ್ಲ ನೀವು?"

"ಹೇಳಿದ್ನಲ್ಲವಾ. ರೂಢಿ ಆಗೇತಿ ಅಂದ್ನಿ."

"ಅಂದ್ರ ಆರಾಮ ಅಂತನಽ ಆತಲ್ಲ ಅದು?"

ಗುರುಪಾದಪ್ಪ ಸೊಸೆಯ ಕಡೆಗೆ ತಿರುಗಿದರು. "ಆರಾಮ ಇದ್ದಾಂವ ರೂಢಿ ಆಗೇತಿ ಅಂತಾನೇನು? ಆರಾಮ ಇದ್ರ ಆರಾಮ ಅದೇನಿ ಅಂತಿದ್ನಿ."

ಮಾರನೆಯ ದಿನ ತೇಜಸ್ವಿನಿ ಕೇಂದ್ರಕ್ಕೆ ಹೋಗಿ ಆ ಒಂದು ಗುರುತಿನ ಬೇರು ಹುಡುಕಲು ಕೂತಳು. ಎಳೆಯಲ್ಲಿ ಅದಕ್ಕೊಂದು ದಾರಿಯಿತ್ತು. ಯಾವ ಗುರುತು ಮೊದಲು ಎಲ್ಲಿ ಹುಟ್ಟಿತು, ಯಾರು ಯಾರು ಒಪ್ಪಿದರು ಎಂಬುದನ್ನು ವಂಶವೃಕ್ಷದಂತೆ ಬಿಡಿಸಿ ನೋಡಬಹುದಿತ್ತು. ಯಾರೂ ನೋಡುತ್ತಿರಲಿಲ್ಲ. ಮೊಟ್ಟಮೊದಲ ಗುರುತು ಹಚ್ಚಿದವನು ಎಷ್ಟೋ ವರ್ಷದ ಹಿಂದೆ ಬಸ್ ಕಂಡಕ್ಟರುಗಳ ಮೇಲೆ ಸಂಶೋಧನೆ ಮಾಡಿದ ಒಬ್ಬ ವಿದ್ಯಾರ್ಥಿ. ನಸುಕಿನ ಪಾಳಿಗೆ ಏಳುವುದು ಕಷ್ಟವೇ ಎಂದು ಕೇಳಿದ್ದಕ್ಕೆ ಒಬ್ಬ ಕಂಡಕ್ಟರು ನಕ್ಕು, ರೂಢಿ ಆಗೇತ್ರಿ, ಈಗ ರಜಾ ಇದ್ದರೂ ಎಚ್ಚರ ಆಗತೈತಿ ಎಂದಿದ್ದ. ತೇಜಸ್ವಿನಿ ಆ ಧ್ವನಿಯನ್ನು ಎರಡು ಸಲ ಕೇಳಿದಳು. ಹೊಂದಾಣಿಕೆ ಎಂಬ ಗುರುತು ಅಲ್ಲಿಗೆ ಸರಿಯಾಗಿಯೇ ಇತ್ತು. ತಪ್ಪು ಮಾಡಿದವರೇ ಇಲ್ಲ. ಆಮೇಲೆ ಬಂದವರೊಬ್ಬೊಬ್ಬರೂ ಅದನ್ನು ಒಪ್ಪುತ್ತ ಹೋಗಿದ್ದರು, ಬಹಳಷ್ಟು ಜನ ಧ್ವನಿ ಕೇಳದೆ ಅಕ್ಷರವನ್ನಷ್ಟೇ ನೋಡಿ. ವೃಕ್ಷದ ಕೊಂಬೆಗಳಲ್ಲಿ ತನ್ನ ತರಬೇತಿಯಲ್ಲಿ ಕೂತುಹೋದವರ ಹೆಸರುಗಳೂ ಅವಳಿಗೆ ಕಂಡವು.

ಗುರುತನ್ನು ಬದಲಿಸಲು ಒಂದೇ ಉಪಾಯವಿತ್ತು. ಅದಕ್ಕೆ 'ತಕರಾರು' ಎಂದು ಹೆಸರು. ಬೇರೆ ಬೇರೆ ಸಂಶೋಧಕರು, ತಾವು ಒಪ್ಪಿದ್ದ ಗುರುತನ್ನು ಹಿಂದಕ್ಕೆ ತೆಗೆದು, ಮಾತಾಡಿದವರ ಹತ್ತಿರ ಮತ್ತೆ ಹೋಗಿ, ಆ ಮಾತಿನ ಅರ್ಥ ಏನೆಂದು ಕೇಳಿ, ಅವರ ಧ್ವನಿಯ ಸಮೇತ ದಾಖಲಿಸಬೇಕು. ಸಾಕಷ್ಟು ಕಡೆಯಿಂದ ತಕರಾರು ಬಂದರೆ ಕೋಶದ ಸಮಿತಿ ನೋಡುತ್ತದೆ. ಅಲ್ಲಿಯವರೆಗೆ ತಕರಾರು ಹಾಕಿದವರ ಸಹಮತ ಅಂಕ ನೆಲ ಕಚ್ಚಿರುತ್ತದೆ.

ಕೇಂದ್ರದ ನಿರ್ದೇಶಕರು ಪ್ರೊಫೆಸರ್ ಕುಲಗೋಡ. ಅವರು ಅವಳ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು. ಮಾವನ ಆರೋಗ್ಯ ವಿಚಾರಿಸಿದರು. ಅವಳು ಹೇಳುವುದು ನಿಜವೆಂದೂ ಒಪ್ಪಿದರು. ಆದರೆ ವಿದ್ಯಾರ್ಥಿಗಳಿಗೆ ನಿಮ್ಮ ಅಂಕ ಕಳೆದುಕೊಳ್ಳಿ ಎಂದು ಹೇಳುವ ಹಕ್ಕು ತಮಗಾಗಲಿ ಅವಳಿಗಾಗಲಿ ಇಲ್ಲವೆಂದರು. ಅದೂ ನಿಜವೇ ಆಗಿತ್ತು.

"ಹೇಳೂದಿಲ್ರಿ ಸರ್," ಎಂದಳು ತೇಜಸ್ವಿನಿ. "ಕೇಳಸ್ತೀನಿ ಅಷ್ಟ."

ಮುಂದಿನ ತರಬೇತಿಗೆ ಹಳೆಯ ತಂಡವನ್ನೂ ಬರಲು ಹೇಳಿದಳು. ಮೊದಲ ದಿನ ಎಳೆಯನ್ನು ತೆರೆಯಲೇ ಇಲ್ಲ. ಮಾವನ ಅನುಮತಿ ಪಡೆದು ಆಸ್ಪತ್ರೆಯಿಂದ ತಂದ ಧ್ವನಿಯನ್ನು, ಯಾರದೆಂದು ಹೇಳದೆ, ಸಭಾಂಗಣದಲ್ಲಿ ಹಾಕಿದಳು. ಉಸಿರಾಟ ಹೇಗಿದೆ ಎಂದು ಯಂತ್ರ ಕೇಳುತ್ತದೆ. ಮುದುಕನೊಬ್ಬ ಉತ್ತರ ಕೊಡುವ ಮುನ್ನ ತಡೆಯುತ್ತಾನೆ. ಒಂದು ಉಸಿರು ಎಳೆದುಕೊಂಡ ಸದ್ದು. ಆಮೇಲೆ ಆ ಮಾತು. ಇದಕ್ಕೆ ನಿಮಗೆ ತೋಚಿದ ಗುರುತು ಬರೆಯಿರಿ ಎಂದಳು. ಒಬ್ಬ ದಣಿವು ಎಂದು ಬರೆದ, ಒಬ್ಬಳು ಸಂಕೋಚ ಎಂದಳು, ಇನ್ನೊಬ್ಬ ಮುಚ್ಚಿಡುವುದು ಎಂದ. ಒಬ್ಬನಂತೂ ಇದು ಉತ್ತರವೇ ಅಲ್ಲ, ಪ್ರಶ್ನೆ ಕೇಳಿದವರನ್ನು ಸಾಗಹಾಕುವ ರೀತಿ ಎಂದ. ಹೊಂದಾಣಿಕೆ ಎಂದು ಬರೆದವರು ಯಾರೂ ಇರಲಿಲ್ಲ. ಆಮೇಲೆ ಎಳೆ ತೆರೆದು ಅದರ ಹಸಿರು ಗುರುತು ತೋರಿಸಿದಳು. ಇದರಿಂದ ಏನಾಯಿತೆಂದು ಹೇಳಿದಳು. ತಕರಾರು ಎಂದರೇನು, ಅದಕ್ಕೆ ಏನು ತೆರಬೇಕಾಗುತ್ತದೆ ಎಂಬುದನ್ನೂ ಹೇಳಿದಳು. ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ಬಹಳ ಜನ ತಲೆ ತಗ್ಗಿಸಿಕೊಂಡು ಹೊರಟುಹೋದರು. ಅವರನ್ನು ದೂರುವಂತಿರಲಿಲ್ಲ. ಕೆಲವರು ವಿಚಾರ ಮಾಡಿ ಹೇಳುತ್ತೇವೆಂದರು. ಶಬೀನಾ ಮಾತ್ರ ತನ್ನ ಜಾಗದಲ್ಲೇ ಕೂತಿದ್ದಳು. ಗದಗಿನ ಕಾಲೇಜೊಂದರಲ್ಲಿ ಅಧ್ಯಾಪಕಿಯ ಹುದ್ದೆಗೆ ಅವಳ ಹೆಸರು ಮೊದಲ ಸಾಲಿನಲ್ಲಿತ್ತು. ಮಳೆಗಾಲದೊಳಗೆ ಪಿಎಚ್.ಡಿ. ಕೈಗೆ ಬಂದರೆ ಮಾತ್ರ. ಮನೆಯಲ್ಲಿ ಅಮ್ಮಿ ಆಗಲೇ ನೆಂಟರಿಗೆಲ್ಲ ಸುದ್ದಿ ಹೇಳಿಯಾಗಿತ್ತು.

ಇದನ್ನೆಲ್ಲ ಹೇಳಿ ಅವಳು ಕೇಳಿದಳು: "ನೀವಾಗಿದ್ರ ಏನ ಮಾಡತಿದ್ರಿ ಮೇಡಂ?"

"ನಿನ್ನ ವಯಸ್ಸಿನಾಗ ನಾ ತಕರಾರ ಹಾಕತಿದ್ದಿಲ್ಲ ಅನಸ್ತೈತಿ," ಎಂದಳು ತೇಜಸ್ವಿನಿ.

ಶಬೀನಾ ನಕ್ಕಳು. ಮಾರನೆಯ ವಾರ ತಾನು ಬ್ಯಾಡಗಿಗೆ ಹೋಗುವುದಾಗಿ, ಬರುವುದಾದರೆ ಬರಬಹುದೆಂದು ಸಂದೇಶ ಕಳಿಸಿದಳು.

ಇಬ್ಬರೂ ಬಸ್ಸಿನಲ್ಲಿ ಹೋದರು. ಊರು ಇನ್ನೂ ದೂರವಿರುವಾಗಲೇ ಮೆಣಸಿನಕಾಯಿಯ ಘಾಟಿಗೆ ತೇಜಸ್ವಿನಿಗೆ ಸೀನು ಶುರುವಾಯಿತು. ಗೋದಾಮಿನ ಅಂಗಳದಲ್ಲಿ ಕೆಂಪು ರಾಶಿಗಳ ನಡುವೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೂತಿದ್ದರು. ಶಬೀನಾ ಈ ಸಲ ಅಲ್ಲಿ ಮಾತಾಡಲಿಲ್ಲ. ಕೆಲಸ ಬಿಟ್ಟ ಮೇಲೆ ಅವರವರ ಮನೆಗೆ ಹೋಗಿ, ಹಿಂದೆ ನೀವು ಹೀಗಂದಿದ್ದಿರಿ, ಹಾಗೆಂದರೆ ಏನು ಎಂದು ಕೇಳಿದಳು.

ಉತ್ತರಗಳು ಒಂದೇ ತೆರನಾಗಿರಲಿಲ್ಲ. ಇಬ್ಬರು ಮೂವರು ನಿಜಕ್ಕೂ ಏನೂ ತ್ರಾಸಿಲ್ಲವೆಂದರು; ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಮುಗಿಯಿತು, ಬಿಸಿಲಿನಲ್ಲಿ ಹೊಲದ ಕೆಲಸಕ್ಕಿಂತ ಇದೇ ಮೇಲು ಎಂದರು. ಹಸಿರು ಗುರುತು ಅವರ ಪಾಲಿಗೆ ಸರಿಯಾಗಿಯೇ ಇತ್ತು. ಒಬ್ಬಾಕೆ, ನೀನು ಅವತ್ತು ಕೇಳಿದಾಗ ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ, ಮತ್ತೇನು ಹೇಳಲಿ ಎಂದಳು. ಮತ್ತೊಬ್ಬಾಕೆ, ಎಳೆಮಗುವನ್ನು ಎತ್ತಿಕೊಂಡರೆ ಅದು ಉರಿಗೆ ಚೀರುತ್ತದೆಂದು ಹಾಲು ಕುಡಿಸುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದುದನ್ನು ಹೇಳಿದಳು.

ನೀಲವ್ವ ಎಂಬಾಕೆಯ ಮನೆಗೆ ಹೋದಾಗ ಆಕೆ ರೊಟ್ಟಿ ಬಡಿಯುತ್ತಿದ್ದಳು. ನಲವತ್ತು ದಾಟಿರಲಿಕ್ಕಿಲ್ಲ. ಶಬೀನಾ ತನ್ನ ಪ್ರಶ್ನೆ ಕೇಳಿದಳು.

"ರೂಢಿ ಆಗೇತಿ ಅಂದ್ರ, ಉರಿ ಗೊತ್ತಾಗೂದಿಲ್ಲ ಈಗ," ಎಂದಳು ನೀಲವ್ವ. "ಮೊದ್ಲ ಗೊತ್ತಾಗತಿತ್ತು. ಈಗ ಏನೂ ಗೊತ್ತಾಗೂದಿಲ್ಲ."

"ಚಲೋನಽ ಆತಲ್ರಿ," ಎಂದಳು ಶಬೀನಾ, ಇನ್ನೂ ಪೂರ್ತಿ ತಿಳಿಯದೆ.

ನೀಲವ್ವ ಬಲಗೈಯನ್ನು ತಿರುಗಿಸಿ ತೋರಿಸಿದಳು. ಬೆರಳ ತುದಿಗಳಲ್ಲಿ ಸುಟ್ಟ ಗಾಯ, ಕೆಲವು ಹಳೆಯವು, ಒಂದು ಹಸಿಯದು. "ಹಂಚಿಗೆ ಬಡದದ್ದು. ವಾಸನಿ ಬಂದ ಮ್ಯಾಗ ನೋಡಕೋತೀನಿ."

ತೇಜಸ್ವಿನಿ ಎದ್ದು ಹೊರಗೆ ಹೋದಳು. ಅಂಗಳದಲ್ಲಿ ನಿಂತು ತನ್ನ ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಒಳಗೆ ಶಬೀನಾ ಮೆಲುದನಿಯಲ್ಲಿ ಇನ್ನೇನೋ ಕೇಳುತ್ತಿದ್ದಳು. ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಘಾಟು ಎಂದಳು. ಧಾರವಾಡದ ಬಸ್ಸು ಹತ್ತುವ ಮುನ್ನ, ನಿಲ್ದಾಣದ ಕಲ್ಲಿನ ಮೇಲೆ ಕೂತೇ, ಮೊದಲ ತಕರಾರನ್ನು ದಾಖಲಿಸಿದಳು. ಸಹಮತ ಅಂಕ ಅವಳ ಕಣ್ಣೆದುರೇ ಇಳಿಯಿತು. ಗದಗಿನ ಹುದ್ದೆ ಬೇರೆಯವರಿಗೆ ಹೋಯಿತು.

ಒಂದೊಂದಾಗಿ ಬೇರೆಯವರೂ ತಕರಾರು ಹಾಕಿದರು. ಕಲಬುರಗಿಯ ಹುಡುಗನೊಬ್ಬ ಕಲ್ಲುಗಣಿಯ ಕೂಲಿಗಳನ್ನು ಮತ್ತೆ ಕಂಡು ಬಂದ. ಚಾಮರಾಜನಗರದ ಒಬ್ಬಾಕೆ, ರೂಢಿಯಾಗಿದೆ ಎನ್ನಲು ತನ್ನ ಕಡೆ ಜನ 'ಒಗ್ಗೋಗದೆ' ಎನ್ನುತ್ತಾರೆ, ಅದಕ್ಕೂ ಇದೇ ಗುರುತಿದೆ, ಅದನ್ನೂ ಸೇರಿಸಬಹುದೇ ಎಂದು ತೇಜಸ್ವಿನಿಗೆ ಫೋನು ಮಾಡಿ ಕೇಳಿದಳು. ಕುಲಗೋಡ ಸರ್ ಮೇಲಿನವರಿಂದ ಒಂದೆರಡು ಸಲ ಮಾತು ಕೇಳಬೇಕಾಯಿತು. ಅದನ್ನು ಅವರು ಅವಳವರೆಗೆ ಬರಗೊಡಲಿಲ್ಲ.

ಸಮಿತಿ ಕೂತು ಎದ್ದು ಮತ್ತೆ ಕೂತು ತೀರ್ಮಾನಿಸುವ ಹೊತ್ತಿಗೆ ವರ್ಷ ಕಳೆದಿತ್ತು. ಹೊಂದಾಣಿಕೆಯ ಜಾಗಕ್ಕೆ ಬೇರೊಂದು ಗುರುತು ಕೊಡಬೇಕೆಂದು ಕೆಲವರು ವಾದಿಸಿದ್ದರು. ನೋವು ಎಂದೋ, ಅಸಹಾಯಕತೆ ಎಂದೋ. ತೇಜಸ್ವಿನಿ ಅದನ್ನೂ ಒಪ್ಪಲಿಲ್ಲ. ಹಾಗೆ ಮಾಡಿದರೆ ಬಣ್ಣ ಬದಲಾಗುತ್ತದೆಯೇ ಹೊರತು ಕೇಳುವ ಕಿವಿ ಬರುವುದಿಲ್ಲ ಎಂದು ಬರೆದಳು. ಕೊನೆಗೆ ಆ ಮಾತಿಗೆ ಯಾವ ಗುರುತನ್ನೂ ಕೊಡದೆ ಬಿಡುವುದೆಂದಾಯಿತು. ಆ ಮಾತು ಬಂದಾಗ ಎಳೆ ತಾನಾಗಿ ಏನೂ ಹೇಳುವುದಿಲ್ಲ. ಇನ್ನೊಂದು ಪ್ರಶ್ನೆ ಕೇಳಿ ಎಂದಷ್ಟೇ ತೋರಿಸುತ್ತದೆ.

ಎಲ್ಲವೂ ಸರಿಹೋಯಿತೆಂದಲ್ಲ. ಬ್ಯಾಡಗಿಗೆ ಕಾರ್ಮಿಕ ಕಚೇರಿಯಿಂದ ಡಾಕ್ಟರೊಬ್ಬರು ಬಂದು ಹೋದರು, ಕೈಗವಸು ಹಂಚಿದರು. ಗವಸು ತೊಟ್ಟರೆ ಕೈ ಓಡುವುದಿಲ್ಲವೆಂದು ಹೆಂಗಸರು ಅವನ್ನು ಗೂಟಕ್ಕೆ ನೇತುಹಾಕಿದರು. ಶಬೀನಾ ಈಗ ಎಂಥ ಗವಸಾದರೆ ತೊಟ್ಟಾರು ಎಂದು ಅವರನ್ನೇ ಕೇಳುತ್ತ ತಿರುಗುತ್ತಿದ್ದಳು. ಪ್ರಬಂಧ ತಡವಾಗಿಯಾದರೂ ಒಪ್ಪಿತವಾಗಿತ್ತು. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಆದರೂ ತರಬೇತಿಗೆ ಬಂದು ತೇಜಸ್ವಿನಿಗೆ ನೆರವಾಗುತ್ತಿದ್ದಳು.

ಹೊಸ ಕೋಶ ಆಸ್ಪತ್ರೆಯ ಯಂತ್ರಕ್ಕೆ ಸೇರಿದ ಮೇಲಿನ ಒಂದು ಬೆಳಿಗ್ಗೆ ತೇಜಸ್ವಿನಿ ಅಡುಗೆಮನೆಯಲ್ಲಿ ಅವಲಕ್ಕಿ ತೋಯಿಸುತ್ತಿದ್ದಳು. ಮಾವನ ಫೋನಿನಲ್ಲಿ ಆ ದನಿ ಕೇಳಿಸಿತು. ಸೂಜಿ ಚುಚ್ಚುವಾಗ ನೋವಾಗುತ್ತದೆಯೇ ಎಂದು ಕೇಳಿತು. ಗುರುಪಾದಪ್ಪ ಎಂದಿನ ಉತ್ತರ ಕೊಟ್ಟರು. ಈ ಸಲ ದನಿ, ರೂಢಿ ಆಗೇತಿ ಅಂದರೆ ಹೇಗೆ, ಸ್ವಲ್ಪ ಹೇಳುತ್ತೀರಾ ಎಂದು ಕೇಳಿತು.

ಮಾವ ಸಿಡುಕಿಯಾರು ಎಂದುಕೊಂಡಳು ತೇಜಸ್ವಿನಿ.

"ಈಗ ನೋಡು ಯವ್ವಾ," ಎಂದರು ಅವರು, ಮೆಲ್ಲಗೆ. "ಸೂಜಿ ಒಳಗ ಹೋಗಾಕತ್ತಿದ ಕೂಡಲೆ ನಾ ಕಣ್ಣ ಮುಚ್ಚಿ ಬಸ್ಸ ತಗೀತೀನಿ. ಧಾರವಾಡ ಬಿಟ್ನಿ. ನರೇಂದ್ರ. ಕೋಟೂರ. ತೇಗೂರ. ಮೊದ್ಲ ಕಿತ್ತೂರ ಬರೂದ್ರಾಗ ನೋವು ಇಳೀತಿತ್ತು. ಈಗೀಗ ಬಾಗೇವಾಡಿ ದಾಟಿ ಬೆಳಗಾವಿ ಸ್ಟ್ಯಾಂಡಿಗೆ ಹೋಗಿ ನಿಂತರೂ ಇಳಿಯೂದಿಲ್ಲ. ಮತ್ತ ತಿರುಗಿಸ್ಕೊಂಡ ಬರ್ತೀನಿ."

ದನಿ ಧನ್ಯವಾದ ಹೇಳಿತು. ಡಾಕ್ಟರಿಗೆ ತಿಳಿಸುವುದಾಗಿ ಹೇಳಿ ಫೋನಿಟ್ಟಿತು. ಅವಲಕ್ಕಿ ಮುದ್ದೆಯಾಗುವಷ್ಟು ತೋಯ್ದುಹೋಗಿತ್ತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಈ ಮಾತು ಅವಳಿಗಾಗಲಿ ಸಂಗಮೇಶನಿಗಾಗಲಿ ಗೊತ್ತಿರಲಿಲ್ಲ. ಅವಳು ಮಾವನ ಎದುರು ಹೋಗಿ ಅದನ್ನು ಕೇಳಿಸಿಕೊಂಡೆನೆಂದು ಹೇಳಲಿಲ್ಲ. ಕೇಂದ್ರಕ್ಕೆ ಫೋನು ಮಾಡಿ, ಆ ದಿನದ ತರಬೇತಿಯನ್ನು ಶಬೀನಾ ನಡೆಸಲಿ ಎಂದು ಹೇಳಿದಳು.

ಆಸ್ಪತ್ರೆಯಲ್ಲಿ ಯಾವಾಗಲೂ ಡಯಾಲಿಸಿಸ್ ಕೋಣೆಯ ಬಾಗಿಲವರೆಗೆ ಬಿಟ್ಟು ಹೋಗುತ್ತಿದ್ದ ಸೊಸೆ ಅಂದು ಒಳಗೆ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತದ್ದು ನೋಡಿ ಗುರುಪಾದಪ್ಪನವರಿಗೆ ಆಶ್ಚರ್ಯವಾಯಿತು. ಕೆಲಸ ಇಲ್ಲೇನು ಎಂದು ಕೇಳಿದರು. ಇಲ್ಲವೆಂದಳು. ನರ್ಸು ತೋಳಿಗೆ ಪಟ್ಟಿ ಬಿಗಿದಳು. ಮೊದಲ ಸೂಜಿ ಇಳಿಯುತ್ತಿದ್ದಂತೆ ಅವರು ಕಣ್ಣು ಮುಚ್ಚಿಕೊಂಡರು. ತುಟಿ ಅಲುಗತೊಡಗಿತು. ತೇಜಸ್ವಿನಿ ಅವರ ಇನ್ನೊಂದು ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಎಲ್ಲಿಗೆ ಬಂತ್ರಿ ಮಾವಾರ?" ಎಂದು ಕೇಳಿದಳು.

ಅವರು ಕಣ್ಣು ತೆರೆಯಲಿಲ್ಲ. ಮುಖದ ಗಂಟು ಮಾತ್ರ ಒಂದಿಷ್ಟು ಸಡಿಲಾಯಿತು.

"ತೇಗೂರ," ಎಂದರು. "ಬಸ್ಸ ಹತ್ತವಾ, ಸೀಟ ಅದಾವು."